ವಿಲ್ಲು ನಿಜ, ಜಾಗದ ಮಾತು ಬೇರೆ

ನನ್ನ ಸಿಟ್ಟು ಹೊಸಪೇಟೆಯ ತಾಲ್ಲೂಕು ಕಚೇರಿಯ ಸುತ್ತಮುತ್ತ ಎಲ್ಲರಿಗೂ ಗೊತ್ತು. ಕಚೇರಿಯ ಎದುರಿನ ಸಾಲಿನಲ್ಲಿ ಮೂವತ್ತು ವರ್ಷಗಳಿಂದ ನನ್ನದೊಂದು ಟೈಪಿಂಗ್ ಅಂಗಡಿ. ಮೊದಲು ಮಿಷನ್ನಿತ್ತು, ಈಗ ಕಂಪ್ಯೂಟರು, ಪಕ್ಕದಲ್ಲೊಂದು ಜೆರಾಕ್ಸು. ಅರ್ಜಿ, ಬಾಡಿಗೆ ಕರಾರು, ವಾದಪತ್ರ, ಏನು ಬೇಕಾದರೂ ಹೊಡೆದುಕೊಡುತ್ತೇನೆ. "ಆ ಅಕ್ಕಾರ ಹತ್ರ ಹೋಗ್ರಿ, ತಪ್ಪಿಲ್ದಂಗ ಟೈಪ್ ಮಾಡ್ತಾರ. ಆದ್ರ ಭಾಳ ಮಾತಾಡಬ್ಯಾಡ್ರಿ, ಬೈತಾರ" ಎಂದೇ ಜನ ಒಬ್ಬರನ್ನೊಬ್ಬರು ಕಳಿಸುತ್ತಾರೆ. ಬೈದರೆ ಇಳಿದುಹೋಗುವ ಸಿಟ್ಟು ನನ್ನದು. ಬೈದು, ಚಹಾ ಕುಡಿದು, ಮುಂದಿನ ಕಾಗದಕ್ಕೆ ಕೈಹಾಕುತ್ತೇನೆ. ಹಾಗೆ ಇಳಿಯದೆ ಉಳಿದ ಸಿಟ್ಟು ಒಂದೇ ಒಂದು. ಅದು ನನ್ನ ಸೋದರತ್ತೆಯ ಖಾನಾವಳಿಯದು.

ಸಂಡೂರಿನ ಕಡೆಗೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವ ಹೊತ್ತಿಗೆ ಎಡಕ್ಕೆ ಸಿಗುತ್ತಿತ್ತು ಅದು. ತಗಡಿನ ಚಪ್ಪರ, ನಾಲ್ಕು ಬೆಂಚು, ಹಿಂದೆ ಒಂದು ಕೋಣೆ. ಯಶವಂತನಗರದಿಂದ ಅದಿರು ತುಂಬಿಕೊಂಡು ಬರುವ ಲಾರಿಗಳು ಅಲ್ಲಿ ನಿಲ್ಲದೆ ಮುಂದೆ ಹೋಗುತ್ತಿರಲಿಲ್ಲ. ಡ್ರೈವರುಗಳು ಇಳಿದು, ರೆಪ್ಪೆಯ ಮೇಲಿನ ಕೆಂಪು ಧೂಳು ತೊಳೆದುಕೊಂಡು, ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿಗೆ ಕೂರುತ್ತಿದ್ದರು. ಅತ್ತೆಗೆ ಮದುವೆಯಾಗಿ ಎರಡೇ ವರ್ಷಕ್ಕೆ ಗಂಡ ತೀರಿಕೊಂಡ, ಮಕ್ಕಳಿಲ್ಲ. ಯಾರ ಮನೆಯ ಮೂಲೆಯಲ್ಲೂ ಕೂರುವ ಹೆಂಗಸಲ್ಲ ಆಕೆ. ಒಲೆ ಹೂಡಿದಳು.

ಒಲೆಯ ಮುಂದೆ ಮೊದಲ ವರ್ಷದಿಂದಲೂ ಇನ್ನೊಬ್ಬಳಿದ್ದಳು. ಕುರೆಕುಪ್ಪದ ಕಡೆಯವಳು, ಮಣ್ಣು ಹೊರುವ ಕೆಲಸಕ್ಕೆಂದು ಬಂದು ಅತ್ತೆಯ ಹತ್ತಿರ ಉಳಿದುಬಿಟ್ಟವಳು. ನಾನು ಆಕೆಯನ್ನು ಸಣ್ಣವ್ವ ಎನ್ನುತ್ತಿದ್ದೆ. ಆಕೆ ನಮ್ಮ ಜಾತಿಯವಳಲ್ಲ. ಆಕೆ ಬಡಿದ ರೊಟ್ಟಿ ಬೇಡವೆಂದು ಶುರುವಿಗೆ ಕೆಲವರು ತಾಟು ಬಿಟ್ಟು ಎದ್ದು ಹೋದರಂತೆ. ಅತ್ತೆ ಬಾಗಿಲತನಕ ಹೋಗಿ, "ನಿಮಗಿನ್ನ ಹಸಿವಾಗಿಲ್ಲ. ಆದಾಗ ಬರ್ರಿ" ಎಂದು ಕಳಿಸಿದಳಂತೆ. ಅವರಲ್ಲಿ ಅರ್ಧ ಜನ ವಾರದೊಳಗೆ ಬಂದರು ಎಂದು ಸಣ್ಣವ್ವ ಹಲ್ಲು ಬಿಟ್ಟು ನಗುತ್ತ ಹೇಳುತ್ತಿದ್ದಳು. ನಲವತ್ತು ವರ್ಷ ಇಬ್ಬರೂ ಆ ಹಿಂದಿನ ಕೋಣೆಯಲ್ಲೇ ಮಲಗಿದರು, ದಿನಾ ಬೆಳಿಗ್ಗೆ ಜಗಳವಾಡಿದರು, ಮಧ್ಯಾಹ್ನ ಒಂದೇ ತಾಟಿನಲ್ಲಿ ಉಂಡರು.

ಈಗ ಜಾಗದ ಮಾತು. ಆ ಜಾಗ ಮೂಲದಲ್ಲಿ ಒಬ್ಬ ಮುದುಕನದು. ಕಂಪ್ಲಿ ಕಡೆಯವನು, ಮದುವೆಯಾಗದವನು, ಹಂಪಿಯಲ್ಲಿ ಕಾವಲುಗಾರನಾಗಿದ್ದು ನಿವೃತ್ತನಾದವನು. ತಮ್ಮನ ಜೊತೆ ಗದ್ದೆಯ ವಿಷಯಕ್ಕೆ ಮಾತು ಬಿಟ್ಟು, ಹೊಸಪೇಟೆಯ ರೈಲ್ವೆ ಗೇಟಿನ ಆಚೆ ಒಂದು ಬಾಡಿಗೆ ಕೋಣೆಯಲ್ಲಿದ್ದ. ಅತ್ತೆ ಚಪ್ಪರ ಹಾಕಲು ಜಾಗ ಕೇಳಿಕೊಂಡು ಹೋದಾಗ ಅವನು ಬಾಡಿಗೆ ಬೇಡ ಎಂದ. "ನನಗ ಮಾಡಿ ಹಾಕೋರಿಲ್ಲ. ಸಾಯೂತನ ಉಣಿಸು, ಜಾಗ ನಿಂದು" ಎಂದ. ಅತ್ತೆ ಹೂಂ ಎಂದಳು. ಅಷ್ಟೇ. ಕಾಗದವಿಲ್ಲ, ಸಾಕ್ಷಿಯಿಲ್ಲ. ಅವತ್ತಿನಿಂದ ಹೊತ್ತಿಗೆ ಸರಿಯಾಗಿ ಎರಡು ಸಲ ಸಣ್ಣವ್ವ ಟಿಫಿನ್ ಕ್ಯಾರಿಯರ್ ಹಿಡಿದು ಗೇಟು ದಾಟಿ ಹೋಗುತ್ತಿದ್ದಳು. ಹತ್ತೊಂಬತ್ತು ವರ್ಷ. ಮುದುಕ ಸಾಮಾನ್ಯದವನಲ್ಲ. ರೊಟ್ಟಿ ತಣ್ಣಗಾದರೆ ವಾಪಸು ಕಳಿಸುವನು, ಪಲ್ಯಕ್ಕೆ ಉಪ್ಪು ಹೆಚ್ಚಾದರೆ ಸಣ್ಣವ್ವನ ಏಳು ತಲೆಮಾರು ಎತ್ತಿ ಬೈಯುವನು. ಆಕೆಯೂ ಬಿಡುತ್ತಿರಲಿಲ್ಲ, ಅಲ್ಲೇ ನಿಂತು ತಿರುಗಿ ಬೈದು ಬರುತ್ತಿದ್ದಳು. ಕೊನೆಯ ಎರಡು ತಿಂಗಳು ಅವನಿಗೆ ಕೈ ಎತ್ತಲು ಆಗುತ್ತಿರಲಿಲ್ಲ. ಆಗ ಗಂಜಿ ಮಾಡಿಕೊಂಡು ಹೋಗಿ ಬಾಯಿಗೆ ಹಾಕಿ ಬರುತ್ತಿದ್ದಳು.

ನಾನು ಟೈಪಿಂಗ್ ಅಂಗಡಿ ಇಟ್ಟ ಹೊಸದರಲ್ಲೇ ಅತ್ತೆಗೆ ಹೇಳಿದ್ದೆ. "ಅತ್ತಿ, ಅಜ್ಜ ಗಟ್ಟಿ ಇದ್ದಾಗನ ರಿಜಿಸ್ಟ್ರಿ ಮಾಡಿಸ್ಕೋ. ಖಾತೆ ನಿನ್ನ ಹೆಸರಿಗೆ ಮಾಡಿಸ್ಕೋ. ನಾ ಎಲ್ಲಾ ಬರೆದು ಕೊಡ್ತೀನಿ."

ಅತ್ತೆ ಮುಖ ಕೆಂಪಗೆ ಮಾಡಿಕೊಂಡು, "ಏ ಹೋಗಲೇ. ಅವ ಇನ್ನೂ ಉಣ್ಣಾಕತ್ಯಾನ. ಉಣ್ಣೋನ ಮುಂದ ಹೋಗಿ ನಿನ್ನ ಹೆಸರು ತಗಸಿ ನನ್ನ ಹೆಸರು ಹಾಕು ಅನ್ಲೇನು? ತಾಟು ಕಸಗೊಂಡಂಗ ಆಗತೈತಿ. ನೀ ಯಾವಾಗ ಸಾಯ್ತಿ ಅಂತ ಕೇಳಿದಂಗ ಆಗತೈತಿ" ಎಂದಳು.

ಮುದುಕ ಸತ್ತ ಮೇಲೆ ಮತ್ತೆ ಹೇಳಿದೆ. ಆಗ ಆಕೆಯ ಉತ್ತರ ಬೇರೆ. "ಸತ್ತೋನ ಹೆಸರು ಅಳಸಾಕ ನಾ ಯಾರು? ಇರ್ಲಿ ಬಿಡು. ಕಂದಾಯದ ಚೀಟಿ ಮ್ಯಾಲಾದ್ರೂ ವರ್ಷಕ್ಕೊಮ್ಮೆ ಅವನ ಹೆಸರು ಕಾಣ್ಲಿ." ನಮ್ಮ ಕಡೆ ಹಳೆಯ ಜನಕ್ಕೆ ಈ ಚಾಳಿಯಿದೆ. ಎಷ್ಟೋ ಮನೆಗಳ ಖಾತೆ ಮೂರು ತಲೆಮಾರಿನ ಹಿಂದೆ ಸತ್ತವರ ಹೆಸರಿನಲ್ಲಿ ಇರುವುದನ್ನು ನಾನೇ ಟೈಪು ಮಾಡಿದ್ದೇನೆ. ಹೆಸರು ತೆಗೆದರೆ ಆ ಮನುಷ್ಯನನ್ನೇ ಮನೆಯಿಂದ ಆಚೆ ನೂಕಿದಂತೆ ಅವರಿಗೆ. ಒಳ್ಳೆಯ ಮನಸ್ಸೇ. ಆದರೆ ಅದನ್ನು ಕಟ್ಟಿಕೊಂಡು ಏನು ಮಾಡುವುದು? ನನಗೆ ಆಗಲೂ ಸಿಟ್ಟು ಬಂದಿತ್ತು, ಈಗಲೂ ಬರುತ್ತದೆ.

ಅತ್ತೆಗೆ ಸಕ್ಕರೆ ಕಾಯಿಲೆ ಹೆಚ್ಚಾಗಿ ಕಾಲು ಊದಿಕೊಂಡಾಗ ಒಂದೇ ಒಂದು ಮಾತಿಗೆ ಒಪ್ಪಿದಳು. ಗಂಡನ ಕಡೆ ಯಾರೂ ಉಳಿದಿಲ್ಲದ ಕಾರಣ ತಾನು ಸತ್ತರೆ ಕಾನೂನಿನಂತೆ ಎಲ್ಲವೂ ನಮ್ಮ ಕಡೆಯವರಿಗೆ ಬರುತ್ತದೆ, ಸಣ್ಣವ್ವನಿಗೆ ಒಂದು ಚೊಂಬೂ ಸಿಗುವುದಿಲ್ಲ ಎಂದು ತಿಳಿದಾಗ ಗಾಬರಿಯಾದಳು. ವಿಲ್ಲು ಬರೆಸಿದಳು. ನಾನೇ ಟೈಪು ಮಾಡಿದೆ. ಖಾನಾವಳಿ, ಅದರ ಜಾಗ, ಹಿಂದಿನ ಕೋಣೆ, ಪಾತ್ರೆ ಪಡಗ ಎಲ್ಲವೂ ಸಣ್ಣವ್ವನಿಗೆ. ಅದನ್ನು ನೆರವೇರಿಸುವ ಜವಾಬ್ದಾರಿ ನನಗೆ. ಇಬ್ಬರು ಸಾಕ್ಷಿಗಳ ಎದುರಿಗೆ ಅತ್ತೆ ಸಹಿ ಹಾಕಿದಳು. ಅಕ್ಷರ ತಪ್ಪಿಲ್ಲದ, ಜಾಗದ ನಾಲ್ಕು ಗಡಿಯ ಚಕ್ಕುಬಂದಿ ತಪ್ಪಿಲ್ಲದ, ಪುಟಪುಟಕ್ಕೂ ಸಹಿಯಿರುವ ವಿಲ್ಲು. ನನ್ನ ಜೀವಮಾನದಲ್ಲಿ ಅಷ್ಟು ಚೊಕ್ಕದ ಕಾಗದ ಮಾಡಿಲ್ಲ ಎಂದು ಜಂಬಪಟ್ಟುಕೊಂಡೆ. ಮುಂದಿನ ವರ್ಷ ಅತ್ತೆ ತೀರಿಕೊಂಡಳು.

ಅತ್ತೆಯ ತಿಥಿ ಮುಗಿದು ತಿಂಗಳಾಗಿರಲಿಲ್ಲ, ಒಬ್ಬ ಮನುಷ್ಯ ಖಾನಾವಳಿಗೆ ಬಂದ. ಸಂಡೂರಿನಲ್ಲಿ ಟೈರ್ ವ್ಯಾಪಾರ, ಐದಾರು ಲಾರಿಗಳಿವೆ. ಅತ್ತೆಯ ಕೈ ಊಟವನ್ನು ಹಿಂದೆ ಎಷ್ಟೋ ಸಲ ಉಂಡವನೇ. ಬೆಂಚಿನ ಮೇಲೆ ಕೂತು, ಎರಡು ರೊಟ್ಟಿ ತಿಂದು, ಕೈ ತೊಳೆದು, ಜೇಬಿನಿಂದ ಕಾಗದದ ಜೆರಾಕ್ಸ್ ತೆಗೆದ. ಮುದುಕನ ತಮ್ಮನ ಮಗ ತಾನೇ ವಾರಸುದಾರನೆಂದು ಈ ಜಾಗವನ್ನು ಅವನಿಗೆ ರಿಜಿಸ್ಟ್ರಿ ಮಾಡಿ ಮಾರಿದ್ದ. ಇಷ್ಟು ವರ್ಷ ದೊಡ್ಡಪ್ಪ ಸತ್ತನೋ ಬದುಕಿದನೋ ಎಂದು ತಿರುಗಿ ನೋಡದ ಆ ಮಗ, ಅತ್ತೆ ಕಣ್ಣು ಮುಚ್ಚಿದ ಕೂಡಲೇ ವಾರಸುದಾರನಾಗಿ ಎದ್ದು ಕೂತಿದ್ದ.

ಸಣ್ಣವ್ವ ನನಗೆ ಫೋನು ಮಾಡಿದಳು. ನಾನು ಆಟೋ ಹಿಡಿದು ಓಡಿದೆ.

"ಮೇಡಂ, ನಾ ಏನೂ ಕದ್ದಿಲ್ಲ," ಎಂದ ಟೈರ್ ವ್ಯಾಪಾರಿ. "ರೊಕ್ಕ ಕೊಟ್ಟು ತೊಗೊಂಡೀನಿ. ನಿಮ್ಮ ಅತ್ತೀನ ನಾನೂ ಅಕ್ಕಾ ಅಂತ ಕರೀತಿದ್ದೆ. ಈ ಅಜ್ಜಿ ಇರೂದಾದ್ರ ಮೂರು ತಿಂಗಳು ಇರ್ಲಿ."

"ಮೂರು ತಿಂಗಳೇನು, ಇದು ಅಕೀದು. ನಮ್ಮತ್ತಿ ವಿಲ್ಲು ಬರದಾಳ," ಎಂದೆ.

"ನಿಮ್ಮತ್ತಿಗೆ ಇದು ಹೆಂಗ ಬಂತು, ಅದನ್ನ ತೋರಸ್ರಿ ಮೇಡಂ. ವಿಲ್ಲು ಯಾರು ಬೇಕಾದ್ರೂ ಬರೀತಾರ." ಅಷ್ಟು ಮೆಲ್ಲಗೆ, ಅಷ್ಟು ಮರ್ಯಾದೆಯಿಂದ ಹೇಳಿದ, ನನ್ನ ಮೈಯೆಲ್ಲ ಉರಿದುಹೋಯಿತು. ಹಣ ಕೊಟ್ಟು ಕೊಂಡವನ ಮುಖದಲ್ಲಿ ಕಳ್ಳತನವೇನೂ ಕಾಣಲಿಲ್ಲ, ಅದೇ ಇನ್ನೂ ಸಿಟ್ಟು ತರಿಸಿತು.

ನಗರಸಭೆಯ ಕೌಂಟರಿನಲ್ಲಿ ಸಣ್ಣವ್ವನ ಹೆಸರಿಗೆ ಖಾತೆ ಕೇಳಿದೆ. ತಕರಾರು ಇದೆ, ಕೋರ್ಟಿನಿಂದ ಆದೇಶ ತನ್ನಿ ಎಂದರು. ಸರಿ, ತರುತ್ತೇನೆ ಎಂದು ವಕೀಲರ ಹತ್ತಿರ ಹೋದೆ. ವಕೀಲರು ನನ್ನ ಅಂಗಡಿಯ ಹಳೆಯ ಗಿರಾಕಿ, ಅತ್ತೆಯ ರೊಟ್ಟಿ ತಿಂದು ಓದಿದವರು. ನಾನು ಟೈಪಿಸ್ಟು, ಪ್ರೊಬೇಟ್ ಎಂಬ ಪದ ನನಗೆ ಗೊತ್ತಿತ್ತು. ವಿಲ್ಲು ನಿಜವೆಂದು ಕೋರ್ಟಿನಿಂದ ಮುದ್ರೆ ಒತ್ತಿಸಿಕೊಳ್ಳುವುದು. ಮುದ್ರೆ ಬಿದ್ದರೆ ಎಲ್ಲ ಮುಗಿಯಿತು ಎಂದು ನನ್ನ ಎಣಿಕೆ.

ವಕೀಲರು ಕನ್ನಡಕ ತೆಗೆದು ಒರೆಸಿಕೊಂಡರು. "ಅಕ್ಕಾರ, ಅದು ವಿಲ್ಲಿಗಷ್ಟ. ನಿಮ್ಮತ್ತಿ ವಿಲ್ಲು ಬರದಿದ್ದು ಖರೆನೋ ಸುಳ್ಳೋ, ಅದನ್ನ ಹೇಳ್ತಾರ. ಜಾಗ ಯಾರ್ದು ಅಂತ ಆ ಕೇಸಿನ್ಯಾಗ ಹೇಳಂಗಿಲ್ಲ. ಅದೂ ಆ ಟೈರಿನವ ನಿಮ್ಮ ಸಂಬಂಧಿಕ ಅಲ್ಲ, ಹೊರಗಿನವ. ಮೊದಲ ಆ ಮನಷ್ಯಾನ ಮ್ಯಾಲೆ ಜಾಗದ ದಾವಾ ಹಾಕೂಣು."

"ಎರಡು ಕೇಸ್ ಮಾಡಿ ಎರಡು ಫೀಸ್ ತೊಗೊಳ್ಳೂ ವಿಚಾರ ಏನ್ರಿ?" ಎಂದುಬಿಟ್ಟೆ.

ಆ ಮನುಷ್ಯ ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ, "ಆತ್ರಿ. ನೀವು ಹೇಳಿದ್ದ ಹಾಕೂಣು" ಎಂದರು. ನನ್ನ ಬಾಯಿಗೆ ಬೆಂಕಿ ಬೀಳಲಿ. ಈ ಕಥೆಯಲ್ಲಿ ಎಲ್ಲರಿಗಿಂತ ಹೆಚ್ಚು ಬೈಯಬೇಕಾದದ್ದು ನನ್ನನ್ನೇ, ಅದನ್ನು ಇಲ್ಲೇ ಬರೆದುಬಿಡುತ್ತೇನೆ.

ಅರ್ಜಿ ಹಾಕಿದೆವು. ಯಾರದಾದರೂ ತಕರಾರಿದ್ದರೆ ಬನ್ನಿ ಎಂದು ಪೇಪರಿನಲ್ಲಿ ಪ್ರಕಟಣೆ ಬಂತು. ನಮ್ಮ ಕಡೆಯವರು, ಅಂದರೆ ನನ್ನ ಅಣ್ಣ ಮತ್ತು ಅವನ ಮಕ್ಕಳು, ತಕರಾರಿಲ್ಲವೆಂದು ಬರೆದುಕೊಟ್ಟರು. ಬಂದವನು ಟೈರ್ ವ್ಯಾಪಾರಿ ಒಬ್ಬನೇ. ಈ ವಿಲ್ಲೇ ಸುಳ್ಳು, ಟೈಪು ಮಾಡಿದವಳೇ ಅರ್ಜಿದಾರಳು, ಜಾಗ ನನ್ನದು ಎಂದು ಅವನ ವಕೀಲ ನಾಲ್ಕು ಪುಟ ಬರೆದುಕೊಟ್ಟ. ಆ ನಾಲ್ಕು ಪುಟ ಇಟ್ಟುಕೊಂಡು ಒಂದೂವರೆ ವರ್ಷ ಎಳೆದಾಡಿದರು. ಇವತ್ತು ಜಡ್ಜು ರಜೆ, ನಾಳೆ ವಕೀಲರ ಮುಷ್ಕರ, ಮತ್ತೊಂದು ದಿನ ಫೈಲು ಸಿಗಲಿಲ್ಲ. ಪ್ರತಿ ತಾರೀಖಿಗೂ ಸಣ್ಣವ್ವ ಒಲೆ ಆರಿಸಿ, ಇಸ್ತ್ರಿ ಮಾಡಿದ ಸೀರೆ ಉಟ್ಟು ಬರುತ್ತಿದ್ದಳು. ಬರಬೇಡವೆಂದರೂ ಕೇಳುತ್ತಿರಲಿಲ್ಲ. "ನನ್ನ ಸಲುವಾಗಿ ನೀ ನಿಂತಿರ್ತಿ, ನಾ ಕುಂತಿರ್ಲೇನು?" ಎನ್ನುತ್ತಿದ್ದಳು.

ಕೊನೆಗೊಂದು ದಿನ ಜಡ್ಜು ಅವನ ತಕರಾರನ್ನು ಎತ್ತಿ ಪಕ್ಕಕ್ಕಿಟ್ಟರು. ನೀವು ಮೃತರ ವಾರಸುದಾರರಲ್ಲ, ಅವರ ಆಸ್ತಿಯಲ್ಲಿ ಪಾಲು ಕೇಳುತ್ತಿಲ್ಲ, ಆಸ್ತಿಯೇ ಅವರದಲ್ಲ ಎನ್ನುತ್ತಿದ್ದೀರಿ. ಈ ವಿಲ್ಲು ನಿಜವೋ ಸುಳ್ಳೋ ಎಂದು ಕೇಳಲು ನಿಮಗೆ ಇಲ್ಲಿ ಹಕ್ಕಿಲ್ಲ, ಜಾಗ ನಿಮ್ಮದೋ ಅಲ್ಲವೋ ಎಂಬುದನ್ನು ಈ ನ್ಯಾಯಾಲಯ ಈ ಅರ್ಜಿಯಲ್ಲಿ ನೋಡುವುದಿಲ್ಲ ಎಂದರು. ಅವನು ಫೈಲು ಎತ್ತಿಕೊಂಡು ಆಚೆ ನಡೆದ.

ಅವತ್ತು ನನ್ನ ಕಾಲು ನೆಲದ ಮೇಲಿರಲಿಲ್ಲ. ನಮ್ಮ ಸಾಲಿನ ಅಂಗಡಿಯವರಿಗೆಲ್ಲ ಮಂಡಕ್ಕಿ ಒಗ್ಗರಣೆ, ಮಿರ್ಚಿ ತರಿಸಿ ತಿನ್ನಿಸಿದೆ. "ನೋಡಿದ್ರಾ? ಹೊರಗಿನವ ಅಂತ ಕೋರ್ಟ ಹೇಳ್ತು!" ಎಂದು ಸಾರಿದೆ. ವಕೀಲರು ಮಿರ್ಚಿ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದರು. ಅವರು ಯಾಕೆ ತಿನ್ನುತ್ತಿಲ್ಲ ಎಂದು ನಾನು ಕೇಳಲಿಲ್ಲ.

ಆಮೇಲೆ ಸಾಕ್ಷಿಯ ಸರದಿ. ವಿಲ್ಲಿಗೆ ಸಹಿ ಹಾಕಿದ್ದ ಪಂಕ್ಚರ್ ಅಂಗಡಿಯವನು ಕಟಕಟೆಗೆ ಬಂದ. ಮೃತರು ಸಹಿ ಹಾಕಿದ್ದನ್ನು ನೀವು ನೋಡಿದ್ದೀರಾ ಎಂದು ಜಡ್ಜು ಕೇಳಿದರು. "ನೋಡೀನ್ರಿ ಸಾಹೇಬ್ರ. ಸಹಿ ಹಾಕಿ, ನನಗೂ ಹಾಕು ಅಂದು, ಆಮ್ಯಾಲೆ ಎರಡು ರೊಟ್ಟಿ ಎಣ್ಣಿಗಾಯಿ ಕೊಟ್ಳು. ಎಣ್ಣಿಗಾಯಿ ಮಸ್ತ್ ಇತ್ತು" ಎಂದ. ಜಡ್ಜು ತಲೆ ಬಗ್ಗಿಸಿ ನಗು ನುಂಗಿಕೊಂಡರು. ಸಣ್ಣವ್ವ ಹಿಂದಿನ ಬೆಂಚಿನಿಂದ, "ಅದು ನಾ ಮಾಡಿದ್ದು" ಎಂದಳು. ಪೊಲೀಸಿನವನು ಶ್ ಎಂದ.

ಹೀಗೆ ಮೂರು ವರ್ಷ ಸಂದ ಮೇಲೆ ಆದೇಶದ ದಿನ ಬಂತು. ವಿಲ್ಲು ನಿಜ, ಮೃತರು ಸ್ವಂತ ಬುದ್ಧಿಯಿಂದ ಬರೆದಿದ್ದಾರೆ, ಪ್ರೊಬೇಟ್ ಕೊಡಲಾಗಿದೆ. ನಾನು ವಕೀಲರ ಕೋಟು ಜಗ್ಗಿ ಮುಂದೆ ಹೋಗಿ ನಿಂತೆ.

"ಸ್ವಾಮಿ, ಹಾಗಾದರೆ ಆ ಮನುಷ್ಯನಿಗೆ ಜಾಗದ ತಂಟೆಗೆ ಬರಬೇಡ ಎಂದು ಒಂದು ಮಾತು ಬರೆದುಬಿಡಿ."

ಜಡ್ಜು ಕೋಪಿಸಿಕೊಳ್ಳಲಿಲ್ಲ. ಸಣ್ಣ ಮಗುವಿಗೆ ಹೇಳುವಂತೆ ಹೇಳಿದರು. "ನೋಡಮ್ಮಾ, ಈ ಅರ್ಜಿಯಲ್ಲಿ ನನ್ನ ಅಧಿಕಾರ ವಿಲ್ಲಿನಷ್ಟಕ್ಕೇ. ನಿಮ್ಮ ಅತ್ತೆಯದು ಏನೇನಿತ್ತೋ ಅದೆಲ್ಲ ಈ ವಿಲ್ಲಿನಂತೆ ಹೋಗುತ್ತದೆ. ಈ ಜಾಗ ಅವರದಾಗಿತ್ತೇ ಎಂಬುದನ್ನು ಸಿವಿಲ್ ದಾವೆಯಲ್ಲಿ ತೀರ್ಮಾನಿಸಬೇಕು. ತಕರಾರು ತಂದವರನ್ನು ಆ ಕಾರಣಕ್ಕೇ ಹೊರಗೆ ಕಳಿಸಿದೆ, ನೆನಪಿದೆಯಲ್ಲ?"

ನೆನಪಿತ್ತು. ಅವನನ್ನು ಯಾವ ಮಾತಿನಿಂದ ಹೊರಗೆ ಹಾಕಿದರೋ ಅದೇ ಮಾತಿಗೆ ನಾನು ಊರಿಗೆಲ್ಲ ಮಿರ್ಚಿ ತಿನ್ನಿಸಿದ್ದೆ. ಕೋರ್ಟಿನ ಮೆಟ್ಟಿಲ ಮೇಲೆ ನಿಂತು ಕೂಗಾಡಿದೆ. ಮೂರು ವರ್ಷ ಕಾಲು ಸವೆಸಿದ್ದು ನಮ್ಮ ಕಡೆ ಯಾರೂ ಸುಳ್ಳೆನ್ನದ ಒಂದು ಸಹಿಗಾಗಿಯೇ? ಅತ್ತೆ ಸಹಿ ಹಾಕಿದ್ದು ಪಂಕ್ಚರ್ ಅಂಗಡಿಯವನಿಗೂ ಗೊತ್ತು! ವಕೀಲರು ನನ್ನ ಕೈಯಿಂದ ಫೈಲು ತೆಗೆದುಕೊಂಡು, "ಅಕ್ಕಾರ, ಜನ ನೋಡಾಕತ್ಯಾರ, ನಡೀರಿ" ಎಂದರು. ನಾನು ಮೊದಲೇ ಹೇಳಿದ್ದೆ ಎಂದು ಆ ಪುಣ್ಯಾತ್ಮ ಒಂದು ಸಲವೂ ಆಡಲಿಲ್ಲ. ಆಡಿದ್ದರೆ ಅವರನ್ನಾದರೂ ಬೈದು ಹಗುರಾಗುತ್ತಿದ್ದೆ.

ನಾವು ವಿಲ್ಲಿನ ಹಿಂದೆ ತಿರುಗುತ್ತಿದ್ದಾಗ ಟೈರ್ ವ್ಯಾಪಾರಿ ತನ್ನ ದಾರಿ ಹಿಡಿದಿದ್ದ. ರಿಜಿಸ್ಟ್ರಿ ಕಾಗದ ತೋರಿಸಿ ಖಾತೆ ತನ್ನ ಹೆಸರಿಗೆ ಮಾಡಿಸಿಕೊಂಡ. ಖಾನಾವಳಿಯ ಮುಂದಿನ ಬಯಲಿಗೆ ಕಲ್ಲುಕಂಬ ನೆಟ್ಟು ತಂತಿ ಬಿಗಿದ. ಲಾರಿ ನಿಲ್ಲಿಸಲು ಜಾಗವಿಲ್ಲದೆ ಡ್ರೈವರುಗಳು ಮುಂದಿನ ಡಾಬಾಕ್ಕೆ ಹೋಗತೊಡಗಿದರು. ದಿನಕ್ಕೆ ನೂರಾರು ರೊಟ್ಟಿ ಬಡಿಯುತ್ತಿದ್ದ ಕೈ, ಹತ್ತಿಪ್ಪತ್ತು ಬಡಿದು ಸುಮ್ಮನೆ ಕೂರುವಂತಾಯಿತು. ಪ್ರೊಬೇಟ್ ಆದ ಎರಡು ತಿಂಗಳಿಗೆ, ಈ ಹೆಂಗಸು ನನ್ನ ಜಾಗದಲ್ಲಿ ಅಕ್ರಮವಾಗಿ ಕೂತಿದ್ದಾಳೆ, ಬಿಡಿಸಿಕೊಡಿ ಎಂದು ಸಣ್ಣವ್ವನ ಮೇಲೆ ಅವನೇ ದಾವೆ ಹಾಕಿದ.

ವಕೀಲರು ಒಂದು ಸಂಜೆ ನನ್ನ ಅಂಗಡಿಗೇ ಬಂದು ಕೂತರು. ಸಣ್ಣವ್ವನನ್ನೂ ಕರೆಸಿದ್ದೆ.

"ಈಗ ಜವಾಬು ಹಾಕಬೇಕು," ಎಂದರು ವಕೀಲರು. "ಅಜ್ಜ ಬಾಯಿಮಾತಿಲೆ ಕೊಟ್ಟ ಅಂದ್ರ ಕಾಗದ ಎಲ್ಲಿ ಅಂತಾರ. ರಿಜಿಸ್ಟ್ರಿ ಇಲ್ದ ಜಾಗ ಕೊಡಾಕ ಬರಂಗಿಲ್ಲ. ಅವನ ಅಪ್ಪಣೆ ಮ್ಯಾಲೆ ಇದ್ರಿ ಅಂತ ಆಗತೈತಿ. ಅಪ್ಪಣೆ ಮ್ಯಾಲೆ ನೂರು ವರ್ಷ ಇದ್ರೂ ಜಾಗ ನಿಮ್ದಾಗಂಗಿಲ್ಲ."

"ಮತ್ತೇನು ದಾರಿ?" ಎಂದೆ.

"ಒಂದ ದಾರಿ ಗಟ್ಟಿ ಐತಿ. ಅಜ್ಜನ ಇಷ್ಟಕ್ಕ ವಿರುದ್ಧ, ಅವನಿಗೆ ಸೆಡ್ಡು ಹೊಡದು, ಊರಿಗೆಲ್ಲಾ ಗೊತ್ತಾಗೂವಂಗ ಹನ್ನೆರಡು ವರ್ಷಕ್ಕಿಂತ ಜಾಸ್ತಿ ಕುಂತಿದ್ದಿವಿ ಅನ್ನಬೇಕು. ಹಂಗ ಕುಂತೋರಿಗೆ ಕಾನೂನು ಹಕ್ಕು ಕೊಡತೈತಿ."

ಕೇಳಿ ತಲೆ ಗಿರ್ರೆಂದಿತು. ಒಪ್ಪಿಗೆ ಕೇಳಿ, ಉಣಿಸಿ ಇದ್ದವರಿಗೆ ಹಕ್ಕಿಲ್ಲ. ಕಿತ್ತುಕೊಂಡು ಕೂತವರಿಗೆ ಹಕ್ಕಿದೆ. ಥೂ ಎಂದೆ. ಆದರೆ ಟೈಪು ಮಾಡಿದೆ. ಸಣ್ಣವ್ವನ ಕೋಣೆ ಉಳಿಯುವುದಾದರೆ ಏನನ್ನು ಬೇಕಾದರೂ ಟೈಪು ಮಾಡುತ್ತಿದ್ದೆ. ಪ್ರಿಂಟು ತೆಗೆದು, ಹೆಬ್ಬೆಟ್ಟು ಒತ್ತುವ ಮೊದಲು ಓದಿ ಹೇಳುವುದು ನನ್ನ ಪದ್ಧತಿ, ಓದಿದೆ. 'ಪ್ರತಿವಾದಿ ಮತ್ತು ಆಕೆಗೆ ವಿಲ್ಲು ಬರೆದವರು ಸದರಿ ಜಾಗವನ್ನು ಮೂಲ ಮಾಲೀಕನ ಇಚ್ಛೆಗೆ ವಿರುದ್ಧವಾಗಿ, ಆತನಿಗೆ ವೈರಿಗಳಾಗಿ, ಬಹಿರಂಗವಾಗಿ ಅನುಭವಿಸುತ್ತ ಬಂದಿದ್ದಾರೆ.'

"ಅದನ್ನ ಇನ್ನೊಮ್ಮೆ ಓದು," ಎಂದಳು ಸಣ್ಣವ್ವ.

ಓದಿದೆ.

"ವೈರಿ ಅಂದ್ರ ಯಾರು?"

"ನೀನು. ಅತ್ತಿ."

"ಯಾರಿಗೆ?"

"ಅಜ್ಜಗ."

ಆಕೆ ಶಾಯಿ ಹಚ್ಚಿಕೊಂಡಿದ್ದ ಹೆಬ್ಬೆರಳನ್ನು ಸೀರೆಯ ಸೆರಗಿಗೆ ಒರೆಸಿಕೊಂಡಳು. ಅದು ತಾರೀಖಿಗೆಂದು ಎತ್ತಿಟ್ಟಿದ್ದ ಸೀರೆ, ಕಲೆಯಾಯಿತು. "ಸಾಯೂ ದಿನ ಅವನ ಬಾಯಾಗ ಗಂಜಿ ಹಾಕಿದ್ದು ನಾನು. ವೈರಿ ಕೈಯಾಗಿನ ಗಂಜಿ ಕುಡದು ಸತ್ತ ಅಂತ ಬರೀತಿಯೇನು?"

"ಸಣ್ಣವ್ವ, ಅದು ಕೋರ್ಟಿನ ಮಾತು. ಎಲ್ಲಾರೂ ಹಂಗ ಬರಸ್ತಾರ. ಯಾರೂ ಮನಸಿಗೆ ಹಚ್ಚಿಕೊಳ್ಳಂಗಿಲ್ಲ."

"ಇದರಾಗ ನಾವು ಉಣಿಸಿದ್ದು ಎಲ್ಲೈತಿ?"

"ಇಲ್ಲ. ಉಣಿಸಿದಿವಿ ಅಂದ್ರ ಕೇಸು ಬೀಳತೈತಿ."

"ಹಂಗಾರ ನಾ ಒತ್ತಂಗಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. "ನಿನಗೇನು ಹುಚ್ಚೇನು? ಕೋಣಿ ಹೋಗತೈತಿ, ಒಲಿ ಹೋಗತೈತಿ. ಅತ್ತಿ ನಿನ್ನ ಸಲುವಾಗಿ ಬರದಿಟ್ಟಿದ್ದು ಎಲ್ಲಾ ಹೋಗತೈತಿ. ಈ ವಯಸ್ಸಿನ್ಯಾಗ ಬೀದ್ಯಾಗ ನಿಲ್ತಿಯೇನು? ಒಂದು ಮಾತಿಗೆ ಯಾಕ ಹಿಂಗ ಸಾಯ್ತಿ?" ಎಂದು ಇಡೀ ಸಾಲಿಗೆ ಕೇಳುವಂತೆ ಅರಚಿದೆ.

ಆಕೆಯೂ ಬಿಡಲಿಲ್ಲ. ಮುದುಕನ ಮುಂದೆ ನಿಂತು ಹೀಗೇ ಬೈಯುತ್ತಿದ್ದಳೇನೋ. "ಹೋಗ್ಲಿ ಅಂತ ನಾ ಎಲ್ಲಿ ಅಂದ್ನಿ? ನನಗ ಬೇಕು ಆ ಕೋಣಿ. ನಲವತ್ತು ವರ್ಷ ಹೊಗಿ ಕುಡದೀನಿ ಅಲ್ಲಿ. ನಿಮ್ಮತ್ತಿ ಅಲ್ಲೇ ಜೀವ ಬಿಟ್ಟಾಳ. ಆದ್ರ ಅಕಿ ಹೆಸರಿನ ಮ್ಯಾಲೆ, ಒಬ್ಬ ಮುದುಕನ ಜಾಗ ಕಸಗೊಂಡ್ಳು ಅಂತ ನಾ ಹೆಬ್ಬೆಟ್ಟು ಒತ್ತಂಗಿಲ್ಲ. ಉಣಿಸಿದಿವಿ, ಕೊಟ್ಟ. ಅಷ್ಟ ಬರಿ."

ವಕೀಲರ ಕಡೆ ನೋಡಿದೆ. "ಬರೀರಿ ಅಕ್ಕಾರ" ಎಂದರು. ಬರೆದೆ. ಹತ್ತೊಂಬತ್ತು ವರ್ಷ, ದಿನಕ್ಕೆ ಎರಡು ಸಲ, ಗೇಟು ದಾಟಿ ಹೋಗಿದ್ದು, ಕೊನೆಯ ಎರಡು ತಿಂಗಳ ಗಂಜಿ, ಎಲ್ಲವನ್ನೂ ಬರೆದೆ. ಆಕೆ ಈ ಸಲ ಒಂದೇ ಓದಿಗೆ ಹೆಬ್ಬೆಟ್ಟು ಒತ್ತಿದಳು.

ಕಟಕಟೆಯಲ್ಲಿ ನಿಂತ ಸಣ್ಣವ್ವನನ್ನು ಟೈರ್ ವ್ಯಾಪಾರಿಯ ವಕೀಲ ಹೆಚ್ಚೇನೂ ಕೇಳಲಿಲ್ಲ. ಹಾಗಾದರೆ ಜಾಗ ಆ ಮುದುಕನದೇ ಎಂದು ಒಪ್ಪುತ್ತೀರಾ ಎಂದ. "ಅವಂದ," ಎಂದಳು ಸಣ್ಣವ್ವ, "ಅವಂದ ಇದ್ದಿದ್ದಕ್ಕ ಅವ ಕೊಟ್ಟ." ಮತ್ತೆ ಪ್ರಶ್ನೆಯಿಲ್ಲ ಎಂದು ಅವನು ಕೂತುಬಿಟ್ಟ. ಟೈರ್ ವ್ಯಾಪಾರಿ ಮಾತ್ರ ಆಕೆಯ ಕಡೆ ನೋಡಲಾಗದೆ ಕಿಟಕಿಯ ಆಚೆ ನೋಡುತ್ತಿದ್ದ. ನೋಡಲಾಗದಿದ್ದರೇನು, ದಾವೆಯನ್ನಂತೂ ವಾಪಸು ತೆಗೆದುಕೊಳ್ಳಲಿಲ್ಲ.

ಕೇಸು ಬಿತ್ತು. ಅರವತ್ತು ದಿನದಲ್ಲಿ ಜಾಗ ಬಿಡಬೇಕೆಂದು ಆದೇಶ. ಮೇಲಿನ ಕೋರ್ಟಿಗೆ ಹೋಗೋಣವೆಂದು ನಾನು ಹಟ ಹಿಡಿದೆ, ಸಣ್ಣವ್ವ ಬೇಡವೆಂದಳು. ಯಶವಂತನಗರದ ಹಳೆಯ ಡ್ರೈವರೊಬ್ಬ ಲಾರಿ ತಂದು ರೊಟ್ಟಿ ಹಂಚು, ಹಿಟ್ಟು ನಾದುವ ಕೊಣಮಿಗೆ, ಬೆಂಚು ಎಲ್ಲ ನನ್ನ ಮನೆಗೆ ಸಾಗಿಸಿಕೊಟ್ಟ. ಪ್ರೊಬೇಟಿನ ಆದೇಶವೂ ನನ್ನ ಹತ್ತಿರವೇ ಇದೆ, ಕೆಂಪು ಮೊಹರು ಇನ್ನೂ ಹೊಳೆಯುತ್ತದೆ. ಅದರ ಪ್ರಕಾರ ಅತ್ತೆಯ ವಿಲ್ಲು ನಿಜ, ಅದರಲ್ಲಿ ಬರೆದ ಖಾನಾವಳಿ ಸಣ್ಣವ್ವನಿಗೆ ಸೇರಬೇಕು. ಆ ಜಾಗದಲ್ಲಿ ಈಗ ಟೈರುಗಳ ರಾಶಿ ಬಿದ್ದಿದೆ. ಬಸ್ಸಿನಲ್ಲಿ ಸಂಡೂರಿನ ಕಡೆ ಹೋಗುವಾಗ ನಾನು ಬಲಗಡೆ ಕೂರುತ್ತೇನೆ.

ಹೋದ ತಿಂಗಳು ತೀರ್ಪಿನ ನಕಲು ಕೈಗೆ ಬಂತು. ಅಂಗಡಿಯಲ್ಲಿ ಓದಲಿಲ್ಲ, ಮನೆಗೆ ತಂದು ಓದಿದೆ. ಹನ್ನೊಂದು ಪುಟ. ಸಣ್ಣವ್ವ ಹಿತ್ತಿಲ ಒಲೆಯ ಮುಂದೆ ಹಿಟ್ಟು ನಾದುತ್ತಿದ್ದಳು.

"ಉಣಿಸಿದ್ದು ಬರದಾರೇನು?" ಎಂದಳು.

ಹುಡುಕಿದೆ. ಏಳನೆಯ ಪುಟದಲ್ಲಿ ಒಂದು ಸಾಲಿತ್ತು. 'ಮೂಲ ಮಾಲೀಕನಿಗೆ ಊಟ ನೀಡಿದರೆಂಬ ಸಂಗತಿಯು ಈ ವ್ಯಾಜ್ಯದ ತೀರ್ಮಾನಕ್ಕೆ ಅಪ್ರಸ್ತುತ.' ಹಲ್ಲು ಕಡಿದುಕೊಂಡು ಇದ್ದದ್ದನ್ನು ಇದ್ದ ಹಾಗೆ ಜೋರಾಗಿ ಓದಿದೆ.

"ಅಪ್ರಸ್ತುತ ಅಂದ್ರ?"

ಆಕೆಯ ಕೈ ಹಿಟ್ಟಿನಲ್ಲಿತ್ತು, ಕಣ್ಣು ನನ್ನ ಮೇಲಿತ್ತು.

"ಅಂದ್ರ, ಉಣಿಸಿದ್ದು ಖರೆ ಅಂತ," ಎಂದೆ. "ಅದರ ಬಗ್ಗೆ ಯಾರೂ ಎರಡು ಮಾತಾಡಂಗಿಲ್ಲ ಅಂತ ಬರದಾರ."

"ಹಾಂ, ಹಂಗ ಹೇಳು ಮತ್ತ," ಎಂದಳು ಸಣ್ಣವ್ವ. "ಅಷ್ಟಾದ್ರೂ ಬರದಾರಲ್ಲ." ರೊಟ್ಟಿ ಬಡಿಯಲು ಶುರು ಮಾಡಿದಳು.